ಒಂದು ಪದ, ಒಂಬತ್ತು ಚೀಟಿ: ಕಲಬುರಗಿಯ ‘ಸುರುಳಿ’ ಮೇಜಿನ ಪ್ರಕರಣ ಅಧ್ಯಯನ

ಕಲಬುರಗಿ ನಗರದ ಒಂದು ಪ್ರೌಢಶಾಲೆ. ಗಣಿತ–ವಿಜ್ಞಾನ ವಸ್ತುಪ್ರದರ್ಶನಕ್ಕಾಗಿ ಒಂಬತ್ತನೇ ತರಗತಿಯ ಮಕ್ಕಳು ‘ನಮ್ಮ ಸುತ್ತಲಿನ ಸುರುಳಿಗಳು’ ಎಂಬ ಮೇಜು ಸಜ್ಜು ಮಾಡಿದ್ದರು. ಮೇಜಿನ ಮೇಲೆ ಒಂಬತ್ತು ವಸ್ತು: ಚಕ್ಲಿ, ಸೊಳ್ಳೆ ಬತ್ತಿ, ಪೆನ್ನಿನ ಸ್ಪ್ರಿಂಗು, ಬೀದರಿನ ಚೌಬಾರಾ ಗೋಪುರದ ಮೆಟ್ಟಿಲಿನ ಚಿತ್ರ, ವೈರಿನಲ್ಲಿ ಮಾಡಿದ ಡಿಎನ್‌ಎ ಮಾದರಿ, ಶಂಖ, ಎತ್ತಿನ ಹಣೆಯ ಸುಳಿಯ ಚಿತ್ರ, ಕೊಡ ಹೊರುವ ಸಿಂಬಿ, ಬೇರುಸಮೇತ ಕಿತ್ತು ತಂದ ಎಳೆಯ ಜೋಳದ ಸಸಿ. ಪ್ರತಿಯೊಂದರ ಮುಂದೆ ಒಂದು ಚೀಟಿ. ಒಂಬತ್ತು ಚೀಟಿಯಲ್ಲೂ ಹೆಸರು ಒಂದೇ: ಸುರುಳಿ. ಅದರ ಕೆಳಗೆ ಪದದ ಮೂಲ ‘ಸಂಸ್ಕೃತ’ ಎಂದಿತ್ತು, ಜೊತೆಗೆ ಉದ್ದ ಲೆಕ್ಕ ಹಾಕುವ ಒಂದೇ ಸೂತ್ರ.

ಮೇಜು ನೋಡಲು ಬಂದ ಏಳನೇ ತರಗತಿಯ ಹುಡುಗಿಯೊಬ್ಬಳು ಗಣಿತದ ಮೇಷ್ಟ್ರನ್ನು ಕೇಳಿದ ಪ್ರಶ್ನೆಯಿಂದ ಈ ಪ್ರಕರಣ ಶುರುವಾಯಿತು: “ಸರ, ಚಕ್ಲಿ ಮ್ಯಾಲ ಏರಂಗಿಲ್ರಿ. ಮೆಟ್ಲ ಏರ್ತಾವ. ಎರಡಕ್ಕೂ ಒಂದೇ ಹೆಸ್ರು ಯಾಕ್ರೀ?”

ಪ್ರಶ್ನೆ ಸರಿಯಾಗಿತ್ತು. ಚೀಟಿಗಳಲ್ಲಿ ಮೂರು ತಪ್ಪು ಒಂದರೊಳಗೊಂದು ಸೇರಿಕೊಂಡಿದ್ದವು: ಆಕಾರದ್ದು, ಲೆಕ್ಕದ್ದು, ಪದಮೂಲದ್ದು. ಮೂರನ್ನೂ ಬೇರೆ ಬೇರೆ ಬಿಡಿಸಿದ ಬಗೆ ಮುಂದಿದೆ.

ಲೆಕ್ಕ ಎಲ್ಲಿ ತಪ್ಪಿತು

ಚೀಟಿಯಲ್ಲಿದ್ದ ಸೂತ್ರ ಇದು: ಹೊರ ತ್ರಿಜ್ಯದ ವರ್ಗದಿಂದ ಒಳ ತ್ರಿಜ್ಯದ ವರ್ಗ ಕಳೆದು, 3.14ರಿಂದ ಗುಣಿಸಿ, ಎರಡು ಸುತ್ತುಗಳ ನಡುವಿನ ಅಂತರದಿಂದ ಭಾಗಿಸಬೇಕು. ಚಕ್ಲಿಗೆ, ಸೊಳ್ಳೆ ಬತ್ತಿಗೆ ಇದು ಸರಿಯಾಗಿಯೇ ಕೂಡುತ್ತದೆ. ಚಪ್ಪಟೆಯಾಗಿ ಸುತ್ತಿದ ವಸ್ತು ಎಷ್ಟು ಜಾಗ ತುಂಬಿದೆಯೋ ಆ ಜಾಗವನ್ನು ಅಂತರದಿಂದ ಭಾಗಿಸಿದರೆ ಉದ್ದ ಬರುತ್ತದೆ. ಸೂತ್ರದ ಒಳಗುಟ್ಟು ಅಷ್ಟೇ.

ಅದೇ ಸೂತ್ರವನ್ನು ಮಕ್ಕಳು ಸ್ಪ್ರಿಂಗಿಗೂ ಹಚ್ಚಿದ್ದರು. ಸ್ಪ್ರಿಂಗಿನ ಅಳತೆ: ನಡುಗೆರೆಯಿಂದ ತಂತಿಗೆ 2 ಮಿ.ಮೀ., 20 ಸುತ್ತು, ಒಟ್ಟು ಎತ್ತರ 24 ಮಿ.ಮೀ., ಅಂದರೆ ಸುತ್ತಿಗೆ 1.2 ಮಿ.ಮೀ. ಏರಿಕೆ. ಚೀಟಿಯ ಸೂತ್ರದಿಂದ ಬಂದ ಉತ್ತರ ಸುಮಾರು 10.5 ಮಿ.ಮೀ. ಸ್ಪ್ರಿಂಗು ನಿಂತಿರುವ ಎತ್ತರವೇ 24 ಮಿ.ಮೀ. ಇರುವಾಗ ಅದರೊಳಗಿನ ತಂತಿ 10.5 ಮಿ.ಮೀ. ಆಗುವುದು ಹೇಗೆ? ಉತ್ತರ ಬರೆದ ಮೇಲೆ ವಸ್ತುವಿನ ಕಡೆ ಒಮ್ಮೆ ಕಣ್ಣು ಹಾಯಿಸಿದ್ದರೆ ತಪ್ಪು ಅಲ್ಲೇ ಸಿಗುತ್ತಿತ್ತು.

ಸ್ಪ್ರಿಂಗಿಗೆ ಬೇರೆ ದಾರಿ ಹಿಡಿಯಬೇಕು. ಒಂದು ಸುತ್ತನ್ನು ಬಿಚ್ಚಿ ಹಾಸಿದರೆ ಲಂಬಕೋನ ತ್ರಿಭುಜ ಸಿಗುತ್ತದೆ: ತಳ ಸುತ್ತಳತೆ, ಅಂದರೆ 12.57 ಮಿ.ಮೀ.; ನಿಲುವು 1.2 ಮಿ.ಮೀ. ಕರ್ಣ 12.6 ಮಿ.ಮೀ. ಇಪ್ಪತ್ತು ಸುತ್ತಿಗೆ ಸುಮಾರು 252 ಮಿ.ಮೀ., ಗೇಣಿಗಿಂತ ಸ್ವಲ್ಪ ಹೆಚ್ಚು. ಹಳೆಯ ಪೆನ್ನಿನ ಸ್ಪ್ರಿಂಗನ್ನು ಇಕ್ಕಳದಿಂದ ಎಳೆದು ನೆಟ್ಟಗೆ ಮಾಡಿ ಸ್ಕೇಲಿಗೆ ಹಿಡಿದು ತಾಳೆ ನೋಡಬಹುದು. ತುದಿ ಚಿಮ್ಮುತ್ತದೆ, ಕಣ್ಣಿನಿಂದ ದೂರ ಹಿಡಿದು ಎಳೆಯಬೇಕು.

ಒಂದು ಹಗ್ಗ, ಎರಡು ಆಕಾರ

ಎರಡು ಆಕಾರದ ಭೇದ ಮಾತಿನಿಂದ ಮಕ್ಕಳ ತಲೆಗೆ ಇಳಿಯಲಿಲ್ಲ. ಒಂದು ಹಗ್ಗದಿಂದ ಇಳಿಯಿತು. ಬೇಕಾದದ್ದು ಇಷ್ಟೇ: 10 ಮಿ.ಮೀ. ದಪ್ಪದ 3.14 ಮೀಟರ್ ಹಗ್ಗ, 90 ಮಿ.ಮೀ. ಹೊರವ್ಯಾಸದ ಪಿವಿಸಿ ಪೈಪಿನ ಒಂದು ಗೇಣು ತುಂಡು. ಹೊಲದ ಪೈಪ್‌ಲೈನ್ ಮಾಡಿದ ಯಾರ ಮನೆಯಲ್ಲಾದರೂ ಈ ತುಂಡು ಬಿದ್ದಿರುತ್ತದೆ.

ಮೊದಲು ಹಗ್ಗವನ್ನು ನೆಲದ ಮೇಲೆ ನಡುವಿನಿಂದ ಹೊರಕ್ಕೆ, ಸುತ್ತಿಗೆ ಸುತ್ತು ತಾಗುವಂತೆ ಸುತ್ತಿ. 20 ಸೆಂ.ಮೀ. ಅಗಲದ ಬಿಲ್ಲೆ ಆಗುತ್ತದೆ, ಸುತ್ತು ಹತ್ತು. ಈಗ ಅದೇ ಹಗ್ಗವನ್ನು ಬಿಚ್ಚಿ ಪೈಪಿನ ಮೇಲೆ ಕೆಳಗಿನಿಂದ ಮೇಲಕ್ಕೆ, ಅದೇ ರೀತಿ ತಾಗುವಂತೆ ಸುತ್ತಿ. ಆಗಲೂ ಸುತ್ತು ಹತ್ತೇ. ಎತ್ತರ 10 ಸೆಂ.ಮೀ. ಹಗ್ಗ ಅದೇ, ಸುತ್ತಿನ ಎಣಿಕೆ ಅದೇ. ಬಿಲ್ಲೆಯಲ್ಲಿ ಪ್ರತಿ ಸುತ್ತೂ ನಡುವಿನಿಂದ ದೂರ ಸರಿಯುತ್ತ ಹೋಯಿತು, ಮೇಲೇರಲಿಲ್ಲ. ಪೈಪಿನಲ್ಲಿ ಮೇಲೇರಿತು, ನಡುವಿನಿಂದ ದೂರ ಸರಿಯಲಿಲ್ಲ. (ಎರಡರಲ್ಲೂ ಸುತ್ತು ಹತ್ತೇ ಬಂದದ್ದಕ್ಕೆ ಕಾರಣವುಂಟು. ಬಿಲ್ಲೆಯ ತ್ರಿಜ್ಯ 0ಯಿಂದ 10 ಸೆಂ.ಮೀ.ವರೆಗೆ ಬೆಳೆಯುವುದರಿಂದ ಸರಾಸರಿ 5 ಸೆಂ.ಮೀ.; ಪೈಪಿನ 4.5 ಸೆಂ.ಮೀ. ತ್ರಿಜ್ಯಕ್ಕೆ ಹಗ್ಗದ ಅರ್ಧ ದಪ್ಪ ಸೇರಿಸಿದರೂ 5 ಸೆಂ.ಮೀ.)

ನೂಲಿನ ಹಗ್ಗ ತಂದರೆ ಈ ಅಳತೆ ಚೂರು ಕೆಡುತ್ತದೆ. ಬಿಗಿದಾಗ ಹತ್ತಿ ಒತ್ತಿಕೊಂಡು 10 ಮಿ.ಮೀ. ದಪ್ಪ 9ಕ್ಕೆ ಇಳಿಯುತ್ತದೆ; ಆಗ ಬಿಲ್ಲೆ 19 ಸೆಂ.ಮೀ., ಪೈಪಿನ ಮೇಲಿನ ಎತ್ತರ ಸುಮಾರು 9 ಸೆಂ.ಮೀ. ಮಕ್ಕಳು ಇದನ್ನು ಸೂತ್ರದ ತಪ್ಪು ಎಂದುಕೊಳ್ಳುತ್ತಾರೆ. ಮೊದಲು ಹತ್ತು ಸುತ್ತನ್ನು ಪಕ್ಕಪಕ್ಕ ಒತ್ತಿ ಸ್ಕೇಲಿನಲ್ಲಿ ಅಳೆದು, ಹತ್ತರಿಂದ ಭಾಗಿಸಿ, ಬಂದ ದಪ್ಪವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಬಿಲ್ಲೆಯ ನಡುವೆ ಹಗ್ಗ ಬಗ್ಗದೆ ತೂತು ಉಳಿಯುವುದು ಇನ್ನೊಂದು ತೊಡಕು. ಆ ತೂತಿನ ತ್ರಿಜ್ಯವೇ ಸೂತ್ರದ ಒಳ ತ್ರಿಜ್ಯ.

ಇದಾದ ಮೇಲೆ ಮಕ್ಕಳಿಗೆ ಇನ್ನೊಂದು ಪರೀಕ್ಷೆ ಕೊಟ್ಟದ್ದು ಬಹಳ ಫಲ ಕೊಟ್ಟಿತು: ಮಗುಚಿ ನೋಡುವುದು. ಚಕ್ಲಿಯನ್ನು ತಟ್ಟೆಯಲ್ಲಿ ಮಗುಚಿ. ನಡುವಿನಿಂದ ಹೊರಗೆ ಗಡಿಯಾರದ ಮುಳ್ಳಿನಂತೆ ಹೋಗುತ್ತಿದ್ದದ್ದು ಈಗ ಎದುರು ದಿಕ್ಕಿಗೆ ಹೋಗುತ್ತದೆ. ಸ್ಪ್ರಿಂಗನ್ನು ತಲೆಕೆಳಗು ಮಾಡಿ. ಏನೂ ಬದಲಾಗುವುದಿಲ್ಲ, ಬಲಗೈ ತಿರುಪಿನದು (ಬಲಗೈ ಹೆಬ್ಬೆರಳನ್ನು ಮೇಲೆ ಮಾಡಿದಾಗ ಮಡಿಚಿದ ಬೆರಳು ತಿರುಗುವ ದಿಕ್ಕಿಗೆ ಏರುವಂಥದು) ಬಲಗೈ ತಿರುಪಿನದಾಗಿಯೇ ಉಳಿಯುತ್ತದೆ. ಹಾಗಾಗಿ ಚಕ್ಲಿಗೆ ದಿಕ್ಕು ಹೇಳುವಾಗ ಯಾವ ಮಗ್ಗುಲಿನಿಂದ ನೋಡಿದ್ದು ಎಂದು ಬರೆಯಬೇಕು, ಸ್ಪ್ರಿಂಗಿಗೆ ಬೇಕಿಲ್ಲ.

ಪದ ಎಲ್ಲಿಂದ ಬಂತು

ಸುರುಳಿ ಸಂಸ್ಕೃತದ್ದಲ್ಲ, ದ್ರಾವಿಡ ಪದ. ತಮಿಳಿನಲ್ಲಿ, ಮಲಯಾಳದಲ್ಲಿ ಇದು ‘ಚುರುಳ್’. ಕನ್ನಡದ ಮೊದಲಕ್ಷರ ಸಕಾರ ಇರುವಲ್ಲಿ ತಮಿಳಿನಲ್ಲಿ ಚಕಾರ ಬರುವುದು ಈ ಒಂದು ಪದದ ಮಾತಲ್ಲ: ಸುಡು–ಚುಡು, ಸೇರು–ಚೇರ್. ಸಾಲಾಗಿ ಹೀಗೆ ತಾಳೆಯಾಗುವ ಪದವನ್ನು ಎರವಲು ಎನ್ನಲು ಬರುವುದಿಲ್ಲ. ಕನ್ನಡದೊಳಗೇ ಅದಕ್ಕೆ ಒಡಹುಟ್ಟುಗಳಿವೆ. ಬಿಸಿಲಿಗೆ ಎಲೆ ಸುರುಟುತ್ತದೆ, ಸುಟ್ಟ ಕಾಗದ ಸುರುಟಿಕೊಳ್ಳುತ್ತದೆ. ತಮಿಳಿನ ‘ಚುರುಟ್ಟು’ ಎಂಬ ಒಡಹುಟ್ಟು ಸುತ್ತಿದ ಹೊಗೆಸೊಪ್ಪಿಗೆ ಹೆಸರಾಗಿ ಇಂಗ್ಲಿಷಿಗೂ ಹೋಯಿತು. ಅವರ ‘ಶರೂಟ್’ ಅದೇ. ಬೀದರ ಜಿಲ್ಲೆಯ ಭಾಲ್ಕಿ, ಔರಾದ ಕಡೆಯ ಮರಾಠಿ ಮನೆಗಳಲ್ಲಿ ಕಡಲೆಹಿಟ್ಟು ಬೇಯಿಸಿ ತೆಳ್ಳಗೆ ಹಚ್ಚಿ ಸುತ್ತಿ ಮಾಡುವ ‘ಸುರಳೀಚಿ ವಡಿ’ಯಲ್ಲಿ ನಮ್ಮ ಊರುಗಳ ‘ಸುರಳಿ’ಯೇ ಕೇಳುತ್ತದೆ.

ಮುಖ್ಯ ಸಂಗತಿ: ಈ ಪದದ ಬುಡದಲ್ಲಿರುವುದು ಆಕಾರವಲ್ಲ, ಕೆಲಸ. ಸುತ್ತಿಕೊಳ್ಳುವುದು, ಸುತ್ತಿಡುವುದು. ಚಾಪೆ ಸುರುಳಿ ಸುತ್ತುತ್ತೇವೆ, ನಕ್ಷೆ ಸುರುಳಿಯಾಗಿರುತ್ತದೆ, ತಂತಿಯನ್ನು ಸುರುಳಿ ಮಾಡಿ ಗೂಟಕ್ಕೆ ಹಾಕುತ್ತೇವೆ, ಭತ್ತದ ಎಲೆ ಸುರುಳಿ ಹುಳು ಎಲೆಯನ್ನು ಸುತ್ತಿ ಒಳಗೆ ಕೂರುತ್ತದೆ. ಸುತ್ತುವ ಕೆಲಸ ಚಪ್ಪಟೆಯಾಗಿ ನಡೆದರೂ ಸುರುಳಿ, ಕೊಳವೆಯ ಮೇಲೆ ನಡೆದರೂ ಸುರುಳಿ. ಆದ್ದರಿಂದ ಈ ಪದದ ಅಗಲವನ್ನು ನಾವು ಕೊರತೆ ಎನ್ನುವುದಿಲ್ಲ. ಕೆಲಸದಿಂದ ಹುಟ್ಟಿದ ಪದ ಆಕಾರದ ಭೇದ ಮಾಡಲಿಲ್ಲ, ಅಷ್ಟೆ.

ಗ್ರೀಕರೂ ಇದನ್ನು ಬೇರೆ ಮಾಡಿರಲಿಲ್ಲ. ಇಂಗ್ಲಿಷಿನ ‘ಸ್ಪೈರಲ್’ ಬಂದದ್ದು ಲ್ಯಾಟಿನ್ ‘ಸ್ಪೀರಾ’ ಮೂಲಕ ಗ್ರೀಕಿನ ‘ಸ್ಪೇಯ್ರಾ’ದಿಂದ, ಅದಕ್ಕೆ ಸಿಂಬಿ, ಸುತ್ತು ಎಂಬ ಅರ್ಥ. ‘ಹೀಲಿಕ್ಸ್’ ಗ್ರೀಕಿನಲ್ಲಿ ತಿರುಚಿದ್ದು, ಬಳ್ಳಿಯ ಕುಡಿ. ಇಂದು ಗಣಿತದಲ್ಲಿ ಸ್ಪೈರಲ್ ಎಂದರೆ ಚಪ್ಪಟೆಯದು, ಹೀಲಿಕ್ಸ್ ಎಂದರೆ ಏರುವುದು. ಆದರೆ ಕ್ರಿ.ಪೂ. 3ನೇ ಶತಮಾನದ ಆರ್ಕಿಮಿಡೀಸ್ ಚಪ್ಪಟೆ ಸುರುಳಿಯ ಮೇಲೆ ಬರೆದ ಗ್ರಂಥದ ಗ್ರೀಕ್ ಹೆಸರಿನಲ್ಲಿರುವುದು ‘ಹೀಲಿಕ್ಸ್’ ಪದವೇ! ಇಂಗ್ಲಿಷಿನವರ ಸ್ಪೈರಲ್ ಮೆಟ್ಟಿಲು, ಝೆರಾಕ್ಸ್ ಅಂಗಡಿಯ ಸ್ಪೈರಲ್ ಬೈಂಡಿಂಗ್ ಎರಡೂ ಗಣಿತದ ಪ್ರಕಾರ ಹೀಲಿಕ್ಸ್. ಅಂದ ಮೇಲೆ ‘ಕನ್ನಡದಲ್ಲಿ ಪದ ಸಾಲದು’ ಎಂದು ಮಕ್ಕಳ ಮುಂದೆ ಹೇಳುವುದು ಅನ್ಯಾಯ.

ಸ್ವಿಟ್ಜರ್‌ಲೆಂಡಿನ ಬಾಸೆಲ್ ಊರಿನಲ್ಲಿ ಇದಕ್ಕಿಂತ ದೊಡ್ಡ ಎಡವಟ್ಟಾಗಿದೆ. 1705ರಲ್ಲಿ ತೀರಿಕೊಂಡ ಗಣಿತಜ್ಞ ಯಾಕೋಬ್ ಬರ್ನೂಲಿ ತನ್ನ ಸಮಾಧಿಯ ಮೇಲೆ ತಾನು ಮೆಚ್ಚಿದ ಲಾಗರಿದಮಿಕ್ ಸುರುಳಿ ಇರಲಿ ಎಂದು ಬಯಸಿದ್ದ. ಅದರಲ್ಲಿ ಸುತ್ತಿನಿಂದ ಸುತ್ತಿಗೆ ಅಂತರ ಒಂದೇ ಪಟ್ಟಿನಲ್ಲಿ ಹಿಗ್ಗುತ್ತ ಹೋಗುತ್ತದೆ. ಕಲ್ಲುಕುಟಿಗ ಕೆತ್ತಿದ್ದು ಚಕ್ಲಿಯಂಥ, ಸಮ ಅಂತರದ ಆರ್ಕಿಮಿಡೀಸ್ ಸುರುಳಿ.

ಪರ್ಯಾಯ ಹುಡುಕಿದ್ದು

ಮೊದಲ ಸಲಹೆ ಹಿಂದಿ ಪುಸ್ತಕಗಳಂತೆ ‘ಸರ್ಪಿಲ’, ‘ಕುಂಡಲಿ’ ಎಂದು ಬರೆಯುವುದಾಗಿತ್ತು. ಇದನ್ನು ಕೈಬಿಟ್ಟದ್ದು ಸರಿ. ಸರ್ಪಿಲ ಎಂದರೆ ಮಕ್ಕಳಿಗೆ ಏನೂ ತಿಳಿಯದು. ಕುಂಡಲಿ ಎಂದರೆ ಜಾತಕವೆಂದೇ ತಿಳಿಯುತ್ತದೆ, ಮದುವೆ ಮಾತುಕತೆಯ ಮನೆಯಲ್ಲಿ ದಿನವೂ ಕೇಳುವ ಪದ ಅದು.

ಆಡುಮಾತಿನಲ್ಲಿ ಹುಡುಕಿದಾಗ ಸಿಕ್ಕಿದ್ದು ಹೆಚ್ಚು. ಗ್ಯಾರೇಜಿನವರು ಸ್ಕ್ರೂಡ್ರೈವರಿಗೆ ‘ಪೇಚಕಸ್’ ಎನ್ನುತ್ತಾರೆ. ಫಾರಸಿಯ ‘ಪೇಚ್’ ಎಂದರೆ ತಿರುಚು. ನಾವು ಪೇಚಿಗೆ ಸಿಕ್ಕುವುದೂ, ಪೇಚಾಡುವುದೂ ಅದರಿಂದಲೇ. ಕನ್ನಡದ ‘ತಿರುಪು’ ಅದೇ ಕೆಲಸ ಮಾಡುತ್ತದೆ, ಬಲಗೈ ಎಡಗೈ ಭೇದ ಹೇಳಲು ಅದಕ್ಕಿಂತ ಒಳ್ಳೆಯದಿಲ್ಲ.

‘ಸುಳಿ’ಗೆ ಮಾತ್ರ ಸ್ವಲ್ಪ ಹೊತ್ತು ನಿಲ್ಲಬೇಕು. ಸುರುಳಿಯ ಕಿರಿದಾದ ರೂಪ ಎಂದು ಮಕ್ಕಳು ಬರೆದಿದ್ದರು, ಅದು ತಪ್ಪು. ಹಳಗನ್ನಡದಲ್ಲಿ ಇದು ‘ಸುೞಿ’, ಈಗ ಬಳಕೆ ತಪ್ಪಿದ ೞಕಾರದ ಪದ. ತಮಿಳು ಆ ದನಿಯನ್ನು ಉಳಿಸಿಕೊಂಡಿದೆ. ತೆಲುಗಿನಲ್ಲಿ ಅದು ಡಕಾರವಾಗಿ ‘ಸುಡಿ’ ಆಯಿತು. ಗುರುಮಠಕಲ್, ಸೇಡಂ ಕಡೆ ತೆಲುಗು ಆಡುವವರು ಸುಂಟರಗಾಳಿಗೆ ‘ಸುಡಿಗಾಲಿ’ ಎನ್ನುವುದು ಹಾಗೆ. ಸುರುಳಿಯ ಳಕಾರ ಮೊದಲಿನಿಂದಲೂ ಳಕಾರವೇ. ಈಗ ಬರೆಯುವಾಗ ಒಂದೇ ಅಕ್ಷರ, ಹುಟ್ಟು ಬೇರೆ ಬೇರೆ.

ಅರ್ಥದಲ್ಲೂ ಸುಳಿ ಬೇರೆ. ಕೃಷ್ಣೆಯ, ಭೀಮೆಯ ಸುಳಿಯಲ್ಲಿ ಸುತ್ತುತ್ತಿರುವುದು ನೀರು. ನೀರು ನಿಂತರೆ ಸುಳಿಯೂ ಇಲ್ಲ. ಎತ್ತಿನ ಹಣೆಯ ಸುಳಿ ಕೂದಲು ಒಂದು ಬಿಂದುವಿನಿಂದ ತಿರುಗಿ ಹೊರಳಿದ ಗುರುತು. ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಹಲ್ಲು ನೋಡುವಷ್ಟೇ ಜತನದಿಂದ ಸುಳಿ ನೋಡುತ್ತಾರೆ. ಜೋಳದ ಸುಳಿ ಎಂದರೆ ಸಸಿಯ ನಡುವೆ ಒಂದರೊಳಗೊಂದು ಸುತ್ತಿಕೊಂಡು ಮೇಲೆ ಬರುತ್ತಿರುವ ಎಳೆ ಎಲೆಗಳು. ಮೇಜಿನ ಮೇಲೆ ತಂದಿಟ್ಟ ಸಸಿಗೆ ಸುಳಿ ನೊಣ ಬಿದ್ದಿತ್ತು. ನಡುವಿನ ಎಲೆ ಒಣಗಿ ಬೂದಿಬಣ್ಣವಾಗಿತ್ತು, ಹಿಡಿದು ಎಳೆದರೆ ಸಲೀಸಾಗಿ ಕೈಗೆ ಬಂತು, ಬುಡ ಕೊಳೆತು ನಾರುತ್ತಿತ್ತು. ಹುಳು ಒಳಗೆ ಇಳಿದು ಬೆಳೆಯುವ ತುದಿಯನ್ನೇ ಕತ್ತರಿಸುವುದರಿಂದ ಹೀಗಾಗುತ್ತದೆ. ಮಕ್ಕಳಿಗೆ ಇದು ಪದಕೋಶಕ್ಕಿಂತ ಚೆನ್ನಾಗಿ ಸುಳಿಯ ಅರ್ಥ ಹೇಳಿತು: ಬೆಳವಣಿಗೆಯ ಕಣ್ಣು ಅದು. ಇದರ ಚೀಟಿಯಲ್ಲಿ ಸುರುಳಿ ಅಳಿಸಿ ‘ಸುಳಿ’ ಎಂದಷ್ಟೇ ಬರೆಯಲಾಯಿತು.

ಸಿಂಬಿಯ ಚೀಟಿಗೆ ಹೆಚ್ಚು ಚರ್ಚೆ ಬೇಕಾಯಿತು. ಸಿಂಬಿ ಮಾಡುವವರ ಕೈ ನೋಡಿ: ಟವೆಲನ್ನೋ ಹಳೆ ಸೀರೆ ತುಂಡನ್ನೋ ಮೊದಲು ಹಿಂಡುವಂತೆ ತಿರುಚುತ್ತಾರೆ. ಆಮೇಲೆ ಅಂಗೈ ಸುತ್ತ ಎರಡು ಮೂರು ಸುತ್ತು ಸುತ್ತಿ, ತುದಿಯನ್ನು ಸುತ್ತಿನ ಒಳಗೆ ಸಿಕ್ಕಿಸುತ್ತಾರೆ. ತಿರುಚದೆ ಸುತ್ತಿದರೆ ಕೊಡದ ಭಾರಕ್ಕೆ ಬಟ್ಟೆ ಚಪ್ಪಟೆಯಾಗಿ ನಡುವಿನ ಕುಳಿ ಮುಚ್ಚುತ್ತದೆ, ಕೊಡ ವಾಲುತ್ತದೆ. ಇಲ್ಲಿ ನಡೆದದ್ದು ಎರಡು ಬೇರೆ ಕೆಲಸ. ಬಟ್ಟೆ ತನ್ನ ಮೇಲೇ ತಿರುಚಿಕೊಂಡದ್ದು ‘ಹುರಿ’, ತಿರುಚಿದ್ದನ್ನು ಬಳೆಯಂತೆ ಸುತ್ತಿದ್ದು ‘ಸಿಂಬಿ’. ಹಾವು ಸಿಂಬಿ ಸುತ್ತಿಕೊಂಡು ಕುಳಿತಿದೆ ಎನ್ನುತ್ತೇವೆ, ಹುರಿ ಹಾಕಿಕೊಂಡಿದೆ ಎನ್ನುವುದಿಲ್ಲ. ಹುರಿ ಹಳೆಯ ‘ಪುರಿ’, ಪಾಲು ಹಾಲಾದಂತೆ ಪುರಿ ಹುರಿಯಾಯಿತು. ಹಗ್ಗ ಹೊಸೆಯುವಾಗ ಎಳೆಗಳನ್ನು ಒಂದು ದಿಕ್ಕಿಗೆ ಹುರಿ ಮಾಡಿ, ಎಳೆ ಎಳೆ ಕೂಡಿಸುವಾಗ ಎದುರು ದಿಕ್ಕಿಗೆ ತಿರುಗಿಸುತ್ತಾರೆ. ಒಂದರ ಬಿಚ್ಚುವ ಸೆಳೆತವನ್ನು ಇನ್ನೊಂದು ತಡೆಯುತ್ತದೆ. ಎರಡನ್ನೂ ಒಂದೇ ದಿಕ್ಕಿಗೆ ತಿರುಗಿಸಿದ ಹಗ್ಗ ಕೈಬಿಟ್ಟ ಕೂಡಲೇ ಬಿಚ್ಚಿಕೊಳ್ಳುತ್ತದೆ.

ಕೊನೆಗೆ ನಿಂತ ಹೆಸರುಗಳು

‘ಸುರುಳಿ’ ಎಂಬ ಹೆಸರನ್ನು ತೆಗೆಯಲಿಲ್ಲ, ಅದರ ಮುಂದೆ ಒಂದು ಗುಣಪದ ಸೇರಿತು. ಚಕ್ಲಿ, ಸೊಳ್ಳೆ ಬತ್ತಿ: ಚಪ್ಪಟೆ ಸುರುಳಿ. ಸ್ಪ್ರಿಂಗು, ಮೆಟ್ಟಿಲು: ಏರು ಸುರುಳಿ. ಎತ್ತಿನ ಹಣೆಯದು, ಜೋಳದ್ದು: ಸುಳಿ. ಸಿಂಬಿಗೆ ಸಿಂಬಿ ಎಂದೇ. ಇವು ಪಾರಿಭಾಷಿಕ ಪದಕೋಶದ ಹೆಸರುಗಳಲ್ಲ, ನೋಡಿದ ಕೂಡಲೇ ಆಕಾರ ಕಣ್ಣಿಗೆ ಬರುವ ಹೆಸರುಗಳು. ಪ್ರದರ್ಶನದ ಚೀಟಿಗೆ ಬೇಕಾದದ್ದು ಅದೇ ಎಂಬುದು ನಮ್ಮ ಖಚಿತ ಅಭಿಪ್ರಾಯ. ಸೂತ್ರ ಎರಡಾದವು, ಯಾವುದು ಯಾವ ಹೆಸರಿಗೆ ಎಂದು ಚೀಟಿಯಲ್ಲೇ ಬರೆಯಲಾಯಿತು.

ಚೌಬಾರಾದ ಚೀಟಿ ಹೀಗೆ ಬದಲಾಯಿತು: “ಬೀದರಿನ ಹಳೇ ಊರಿನ ನಡುವೆ, ನಾಲ್ಕು ದಾರಿ ಕೂಡುವಲ್ಲಿ ಇರುವ ಕಾವಲು ಗೋಪುರ. ಎತ್ತರ ಸುಮಾರು 71 ಅಡಿ. ಒಳಗೆ 80 ಮೆಟ್ಟಿಲು. ಇದು ಏರು ಸುರುಳಿ. ನೀವು ಇಂಥ ಮೆಟ್ಟಿಲು ಹತ್ತುವಾಗ ನಡುಗಂಬ ನಿಮ್ಮ ಎಡಗಡೆ ಇದ್ದರೆ ಬಲಗೈ ತಿರುಪು, ಬಲಗಡೆ ಇದ್ದರೆ ಎಡಗೈ ತಿರುಪು.” ಇಳಿಯುವಾಗ ಕಂಬ ಇನ್ನೊಂದು ಕೈಗೆ ಬರುತ್ತದೆ, ಅದಕ್ಕೇ ‘ಹತ್ತುವಾಗ’ ಎಂಬ ಪದವನ್ನು ಬಿಡುವಂತಿಲ್ಲ.

ಶಂಖದ ಚೀಟಿ ಎಲ್ಲಕ್ಕಿಂತ ಕಷ್ಟ ಕೊಟ್ಟಿತು. ಅದು ಏರುತ್ತದೆ, ಜೊತೆಗೆ ಹಿಗ್ಗುತ್ತದೆ. ಹಾಗಾಗಿ ‘ಶಂಕು ಸುರುಳಿ’. ಗಣಿತದ ಶಂಕುವಿನ ಮೇಲೆ ದಾರ ಸುತ್ತಿದರೆ ಇದೇ ಆಕಾರ ಬರುತ್ತದೆ. ದಿಕ್ಕಿನ ಮಾತು ಬಂದಾಗ ಜೀವಶಾಸ್ತ್ರದ ಟೀಚರು ‘ಸಾಮಾನ್ಯ ಶಂಖ ಬಲಸುತ್ತಿನದು’ ಎಂದರು, ಮನೆಯಲ್ಲಿ ಪೂಜೆ ಮಾಡುವ ಹುಡುಗ ‘ಇಲ್ಲ, ಬಲಮುರಿ ಸಿಗೋದೇ ಅಪರೂಪ’ ಎಂದ. ಇಬ್ಬರೂ ಸರಿ. ಪ್ರಾಣಿಶಾಸ್ತ್ರದವರು ಸುತ್ತು ಶುರುವಾಗುವ ಚೂಪು ತುದಿಯನ್ನು ಮೇಲೆ ಮಾಡಿ, ಬಾಯಿ ತಮ್ಮ ಕಡೆ ತಿರುಗಿಸಿ ಹಿಡಿಯುತ್ತಾರೆ. ಸಾಮಾನ್ಯ ಶಂಖದ ಬಾಯಿ ಆಗ ಬಲಕ್ಕೆ ಕಾಣುತ್ತದೆ. ಸಂಪ್ರದಾಯದಲ್ಲಿ ಆ ತುದಿಯನ್ನು ಕೆಳಗೆ ಮಾಡಿ ನೋಡುತ್ತಾರೆ. ಅದೇ ಬಾಯಿ ಎಡಕ್ಕೆ ಬರುತ್ತದೆ, ಆದ್ದರಿಂದ ಅದು ವಾಮಾವರ್ತ, ಅಂದರೆ ಎಡಮುರಿ. ಅಪರೂಪದ ದಕ್ಷಿಣಾವರ್ತ (ಬಲಮುರಿ) ಶಂಖವೇ ಪ್ರಾಣಿಶಾಸ್ತ್ರದ ಎಡಸುತ್ತಿನದು. ಚೀಟಿಯಲ್ಲಿ ಎರಡೂ ಹೆಸರನ್ನು, ಹಿಡಿಯುವ ಬಗೆಯ ರೇಖಾಚಿತ್ರ ಸಮೇತ ಹಾಕಲಾಯಿತು.

ಡಿಎನ್‌ಎ ಮಾದರಿಗೆ ‘ಜೋಡಿ ಸುರುಳಿ’ ಎಂಬ ಹೆಸರನ್ನೇ ಉಳಿಸಿದ್ದು ಪರೀಕ್ಷೆಯ ಕಾರಣಕ್ಕೆ. ಪಾಠದಲ್ಲಿ ಮಕ್ಕಳು ಓದುವುದು ಆ ಪದವನ್ನೇ. ‘ಏರು ಸುರುಳಿಯ ಜಾತಿ, ಬಲಗೈ ತಿರುಪು, ಒಂದು ಸುತ್ತಿಗೆ ಎರಡು ಎಳೆಗಳನ್ನು ಕೂಡಿಸುವ ಬೇಸ್‌ಗಳ ಸುಮಾರು 10 ಜೋಡಿ’ ಎಂದು ಕೆಳಗೆ ಸೇರಿಸಲಾಯಿತು. ಇದನ್ನು ಬರೆಯುವಾಗ ಒಬ್ಬ ಹುಡುಗ ಬಲಗೈ ಹೆಬ್ಬೆರಳನ್ನು ಮೇಲೆ ಮಾಡಿ, ಬೆರಳು ಮಡಿಚಿ ಮಾದರಿಯ ಪಕ್ಕ ಹಿಡಿದ. ಬೆರಳು ತಿರುಗುವ ದಿಕ್ಕಿಗೆ ಹೋದರೆ ವೈರು ಮೇಲೇರಬೇಕಿತ್ತು, ಇಳಿಯುತ್ತಿತ್ತು. ಮಾದರಿಯನ್ನೇ ಎಡಗೈ ತಿರುಪಿನಲ್ಲಿ ಸುತ್ತಿದ್ದರು. ತಲೆಕೆಳಗು ಮಾಡಿ ನಿಲ್ಲಿಸಿದರೂ ಸರಿಹೋಗದು ಎಂಬುದು ಅಷ್ಟು ಹೊತ್ತಿಗೆ ಎಲ್ಲರಿಗೂ ಗೊತ್ತಿತ್ತು. ಎರಡೂ ವೈರನ್ನು ಬಿಚ್ಚಿ, ಪೊರಕೆಯ ಹಿಡಿಯ ಮೇಲೆ ಎದುರು ದಿಕ್ಕಿಗೆ ಮತ್ತೆ ಸುತ್ತಿದರು.